ರೂಟ್ ಕೆನಾಲ್ ಆದ ಮೇಲೂ ಹಲ್ಲು ನೋವಾ? ಕೂಡ್ಲಿ ಹೊಳೆ ನೋಡಿ, ಅರ್ಥ ಆಗುತ್ತೆ!

[ಕೂಡ್ಲಿ ಸಂಗಮ, ಬೆಳಗ್ಗೆ. ದಡದ ಮೆಟ್ಟಿಲ ಮೇಲೆ ನಿಂತು]

ನಮಸ್ಕಾರ. ತೀರ್ಥಹಳ್ಳಿಯಿಂದ ಒಬ್ಬರು ಕೇಳಿದ್ದಾರೆ: "ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಕ್ಯಾಪೂ ಹಾಕಿಸಿದೆ. ಆರು ತಿಂಗಳಿಗೆ ಮತ್ತೆ ನೋವು. ಯಾಕೆ?" ನಮ್ಮ ಅಮ್ಮನಿಗೂ ಹೀಗೇ ಆಗಿತ್ತು, ಹಾಗಾಗಿ ಇದಕ್ಕೆ ಉತ್ತರ ಹುಡುಕಲೇಬೇಕು ಅನ್ನಿಸ್ತು.

ಹಲ್ಲಿನ ಬೇರಿನೊಳಗೆ ನರ, ರಕ್ತನಾಳ ಇರೋ ಸಣ್ಣ ಕಾಲುವೆ ಇದೆ. ಹುಳುಕು ಅಲ್ಲಿಗೆ ಇಳಿದ್ರೆ ತೊಳೆದು ತುಂಬ್ತಾರೆ, ಅದೇ ರೂಟ್ ಕೆನಾಲ್. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಕಾಲುವೆ ಎಷ್ಟಿದೆ?

[ಕ್ಯಾಮೆರಾ ಹೊಳೆ ಕಡೆ]

ಈ ಕಡೆಯಿಂದ ತುಂಗೆ, ಆ ಕಡೆಯಿಂದ ಭದ್ರೆ. ಇಲ್ಲಿ ಸೇರಿ ತುಂಗಭದ್ರೆ. ಇಲ್ಲಿಂದ ಕೆಳಗೆ ಹೊನ್ನಾಳಿ ಸೇತುವೆ ಮೇಲೆ ನಿಂತವರಿಗೆ ಕಾಣೋದು ಒಂದೇ ಹೊಳೆ. ಮೇಲೆ ಎರಡಿತ್ತು ಅನ್ನೋದು ಅಲ್ಲಿ ನೀರು ನೋಡಿದ್ರೆ ತಿಳಿಯಲ್ಲ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ಕಾಲುವೆ, ಅಂದ್ರೆ ಹಲ್ಲಿಗೆ ಒಟ್ಟು ನಾಲ್ಕು. ಎಷ್ಟೋ ಸಲ ತುದಿ ಮುಟ್ಟೋಷ್ಟರಲ್ಲಿ ಅವೆರಡೂ ಹೀಗೇ ಕೂಡಿಕೊಳ್ತವೆ. ಭದ್ರೆಯನ್ನ ಮಾತ್ರ ತೊಳೆದು ತುಂಗೆಯಲ್ಲಿ ಕೊಳೆ ಬಿಟ್ರೆ ಹೊನ್ನಾಳಿಗೆ ಎಂಥ ನೀರು ಬರುತ್ತೆ ಹೇಳಿ! ಹಲ್ಲಲ್ಲೂ ಹಾಗೇ, ಒಂದು ಕಾಲುವೆ ತೊಳೆಯದೆ ಉಳಿದ್ರೆ ನೋವು ಮತ್ತೆ ಬರಬಹುದು.

ಆ ಎರಡನೇ ಕಾಲುವೆಯ ಬಾಯಿ ಹಲ್ಲಿನ ಪದರದಡಿ ಅಡಗಿರುತ್ತೆ. ಎಕ್ಸ್‌ರೇಯಲ್ಲೂ ಒಂದರ ಹಿಂದೆ ಒಂದು ಮರೆ. ಅಮ್ಮನಿಗೆ ಎರಡನೇ ಸಲ ನೋಡಿದ ಡಾಕ್ಟರು ಮೈಕ್ರೋಸ್ಕೋಪ್ ಇಟ್ಟು, ನೇರಳೆ ಹಿಡಿಯ ಫೈಲ್, ಅಂದ್ರೆ ಕಾಲುವೆಯೊಳಗೆ ಇಳಿಸೋ ಸೂಜಿಯಂಥ ಸಾಧನ, ಹಿಡಿದು ತಡಕಿದ್ರು. ಅದರ ತುದಿ ಬರೀ 0.1 ಮಿಲಿಮೀಟರ್. ಬಹಳ ಹೊತ್ತಾದ ಮೇಲೆ ಸರಕ್ಕನೆ ಒಳಗೆ ಇಳೀತು. "ಸಿಕ್ತಮ್ಮಾ, ನಾಲ್ಕನೇದು" ಅಂದ್ರು. ಮೊದಲು ಮಾಡಿದವರನ್ನ ನಾನು ದೂರಲ್ಲ, ಇದು ಸುಲಭಕ್ಕೆ ಕಣ್ಣಿಗೆ ಬೀಳೋದಲ್ಲ.

[ಚಿತ್ರ: ಕಾಲುವೆಯ ಅಚ್ಚು]

ಸ್ವಿಟ್ಜರ್‌ಲೆಂಡಿನ ದಂತವೈದ್ಯ ವಾಲ್ಟರ್ ಹೆಸ್ ಹಲ್ಲಿನೊಳಗೆ ರಬ್ಬರ್ ತುಂಬಿ, ಗಟ್ಟಿ ಮಾಡಿ, ಹಲ್ಲನ್ನೇ ಕರಗಿಸಿ ನೋಡಿದ್ರು, 1917ರಲ್ಲಿ ಪ್ರಕಟಿಸಿದ್ರು. ಉಳಿದ ಅಚ್ಚು ಕಿತ್ತ ಸಸಿಯ ಬೇರಿನ ಹಾಗೆ ಎಳೆಎಳೆ. ಅಮೆರಿಕದ ದಂತವೈದ್ಯ ವರ್ಟುಚಿ 1984ರಲ್ಲಿ 2400 ಹಲ್ಲು ಪರೀಕ್ಷಿಸಿ ಕಾಲುವೆಗಳ ಎಂಟು ಬಗೆ ಗುರುತಿಸಿದ್ರು. ಕೂಡ್ಲಿಯ ಥರದ್ದು ಅದರಲ್ಲಿ ಎರಡನೇದು.

ಟೈಮ್ ಆಗ್ತಿದೆ, ಉಳಿದದ್ದು ಬೇಗ ಹೇಳ್ತೀನಿ. ಕೆಳಗಿನ ಮುಂಬಲ್ಲಲ್ಲೂ ಎರಡು ಕಾಲುವೆ ಇರಬಹುದು. ತುದಿಯಲ್ಲಿ ಜೋಗದ ಹಾಗೆ ಕವಲೊಡೆಯೋದೂ ಉಂಟು. ವಯಸ್ಸಾದಂತೆ, ಹಲ್ಲು ಸವೆದಂತೆ ಕಾಲುವೆ ಕಿರಿದಾಗುತ್ತೆ.

ತೀರ್ಥಹಳ್ಳಿಯವರೇ, ಬಿರುಕು, ಸಡಿಲ ಕ್ಯಾಪು, ಹೀಗೆ ನೋವಿಗೆ ಬೇರೆ ಕಾರಣಗಳೂ ಇವೆ. ಆದ್ರೆ ಹಲ್ಲು ಕೀಳಿಸೋ ಮೊದಲು ಡಾಕ್ಟರ ಹತ್ರ ಇಷ್ಟು ಕೇಳಿ: "ಕಾಲುವೆ ಯಾವುದಾದ್ರೂ ಉಳಿದಿದೆಯಾ? ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೀತೀರಾ? ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತಾ?" ಸಿಬಿಸಿಟಿ ಅಂದ್ರೆ ಹಲ್ಲನ್ನ ಎಲ್ಲ ಕಡೆಯಿಂದ ತೋರಿಸೋ 3ಡಿ ಎಕ್ಸ್‌ರೇ.