ಕಾಣ್ತಿಲ್ಲ ಅಂದ್ರೆ, ಹೆಂಗೆ ಕಾಣ್ತಿಲ್ಲ?

ಎಲ್ಲರಿಗೂ ನಮಸ್ಕಾರ. ನಿವೃತ್ತ ನೌಕರರ ಸಂಘದವರು ಕಣ್ಣಿನ ಬಗ್ಗೆ ಮಾತಾಡಿ ಅಂದ್ರು, ಊಟಕ್ಕೆ ಮುಂಚೆ ಇಟ್ಕೊಂಡಿದಾರೆ, ಒಳಗಿಂದ ಒಗ್ಗರಣೆ ವಾಸನೆ ಬೇರೆ ಬರ್ತಿದೆ, ಹಾಗಾಗಿ ಎಳೆಯಲ್ಲ.

ನನ್ನ ಹತ್ರ ಬರೋ ಅರವತ್ತು ದಾಟಿದವರಲ್ಲಿ ಬಹಳ ಜನ ಕುರ್ಚೀಲಿ ಕೂರೋಕೆ ಮುಂಚೆನೇ "ಡಾಕ್ಟ್ರೇ ಕಣ್ಣು ಮಂಜು, ಪೊರೆ ಬಂದಿದೆ, ಹಣ್ಣಾಗಿದ್ಯಾ ನೋಡಿ" ಅಂತಾರೆ. ರೋಗ ಯಾವ್ದು ಅಂತ ಮನೇಲೇ ತೀರ್ಮಾನ ಆಗಿರುತ್ತೆ, ನಾನು ಮಾವಿನಕಾಯಿ ಒತ್ತಿ ನೋಡ್ದಂಗೆ ನೋಡಿ ಹೇಳ್ಬೇಕಷ್ಟೆ. ನಾನು ತಿರುಗಿ ಕೇಳ್ತೀನಿ, ಮಂಜು ಅಂದ್ರೆ ಹೆಂಗೆ? ಎಲ್ಲಾ ಕಡೆ ಮಂಜಾ, ನಟ್ಟನಡುವೆನಾ, ಪಕ್ಕದಲ್ಲಾ, ರಾತ್ರಿ ಜಾಸ್ತಿನಾ? ಒಂದೊಂದು ರೋಗ ಒಂದೊಂದು ಥರ ದೃಷ್ಟಿ ಕದಿಯುತ್ತೆ, ಹಾಗಾಗಿ ಈ ಉತ್ತರದಲ್ಲೇ ಅರ್ಧ ಕಾಯಿಲೆ ಗೊತ್ತಾಗ್ಬಿಡುತ್ತೆ.

ಪೊರೆ ಬಂದ್ರೆ ಕಣ್ಣೊಳಗಿನ ಲೆನ್ಸು ಹಳೇ ಲಾಟೀನಿನ ಗಾಜಿನಂಗೆ ಮಸುಕಾಗುತ್ತೆ. ಬಣ್ಣ ಎಲ್ಲಾ ಹಳದಿಗೆ ತಿರುಗುತ್ತೆ, ರಾತ್ರಿ ಎದುರಿಂದ ಲಾರಿ ಬಂದ್ರೆ ಹೆಡ್‌ಲೈಟು ಚೆದುರಿ ರಸ್ತೆನೇ ಮಾಯ. ಕೆಲವು ಅಜ್ಜಿಯರು ಇದ್ದಕ್ಕಿದ್ದಂಗೆ ಕನ್ನಡಕ ತೆಗೆದಿಟ್ಟು ಪೇಪರ್ ಓದೋಕೆ ಶುರು ಮಾಡ್ತಾರೆ, ಮನೆಯವರಿಗೆಲ್ಲಾ ಖುಷಿ, ಆದ್ರೆ ಅದು ಲೆನ್ಸಿನ ನಡುಭಾಗ ಗಟ್ಟಿಯಾಗಿ ಪವರ್ ಮೈನಸ್ ಕಡೆ ಜಾರಿರೋದು, ಸ್ವಲ್ಪ ದಿನ ಆದ್ಮೇಲೆ ಆ ಓದೂ ಹೋಗುತ್ತೆ.

ಈ "ಹಣ್ಣಾಗ್ಲಿ" ಅನ್ನೋ ಮಾತು ಸುಳ್ಳಲ್ಲ, ಹಳೇದು ಅಷ್ಟೆ. ನಮ್ಮ ಬೀಳಗಿಯ ಡಾಕ್ಟರ್ ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕ್ಯಾಂಪ್ ಮಾಡ್ತಿದ್ರಲ್ಲ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದ್ದು, ಆ ಕಾಲದಲ್ಲಿ ನಮ್ಮಲ್ಲಿ ಲೆನ್ಸು ತೆಗೆದ್ರೆ ಒಳಗೆ ಬೇರೆ ಹಾಕ್ತಿರ್ಲಿಲ್ಲ, ಸೋಡಾ ಬಾಟ್ಲಿ ತಳದಂಥ ಕನ್ನಡಕನೇ ಗತಿ. ಅದಕ್ಕೇ ಪೂರ್ತಿ ಕಾಣದಂಗೆ ಆಗೋವರೆಗೂ ಕಾಯೋದ್ರಲ್ಲಿ ಅರ್ಥ ಇತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟ್ರು ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರು ಒಳಗೇ ಇದ್ರೂ ಏನೂ ಕೆರಳ್ತಿಲ್ಲ ಅಂತ ಗಮನಿಸಿ, 1949ರಲ್ಲಿ ಅಂಥದ್ದೇ ಪ್ಲಾಸ್ಟಿಕ್ ಲೆನ್ಸನ್ನ ಕಣ್ಣೊಳಗೆ ಕೂರಿಸಿದ್ರು. ಈಗ ಎರಡು ಮೂರು ಮಿಲಿಮೀಟರ್ ಸಂದಿಯಲ್ಲೇ ಪೊರೆ ಪುಡಿ ಮಾಡಿ ತೆಗೀತೀವಿ. ಹಣ್ಣಾದಷ್ಟೂ ಅದು ಕಲ್ಲಾಗಿರುತ್ತೆ, ಕಷ್ಟ ನಮಗೂ ನಿಮಗೂ.

ಇನ್ನು ಗ್ಲೂಕೋಮಾ, ಅಂದ್ರೆ ಕಣ್ಣಿನ ನರ ಮೆಲ್ಲಗೆ ಸಾಯೋ ಕಾಯಿಲೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ನಮ್ಮ ದೊಡ್ಡಪ್ಪ ಬಸ್ ಕಂಡಕ್ಟರ್ ಆಗಿದ್ರು. ರಿಟೈರ್ ಆದ್ಮೇಲೂ ಪೇಪರಿನ ಸಣ್ಣಕ್ಷರ ಸರಾಗ ಓದೋರು, ಚಿಲ್ಲರೆ ಎಣಿಸೋದ್ರಲ್ಲಿ ಒಂದು ರೂಪಾಯಿ ತಪ್ಪಲ್ಲ. ಆದ್ರೆ ಅಂಗಳದಲ್ಲಿ ಕಟ್ಟಿದ ಕರುವನ್ನ ಎಡವೋರು, ಬಾಗಿಲ ತೋಳಿಗೆ ಭುಜ ಬಡಿಯೋರು, ಪಕ್ಕದಲ್ಲಿಟ್ಟ ಕಾಫಿ ಲೋಟ ಕೈತಾಗಿ ದಿನಾ ಚೆಲ್ಲೋದು. ದೊಡ್ಡಮ್ಮ "ಗ್ಯಾನ ಎಲ್ಲಿರುತ್ತೋ ಈ ಮನುಷ್ಯಂಗೆ" ಅಂತ ಬೈಯೋರು, ಇವ್ರು ಪೊರೆ ಇರ್ಬೇಕು ಹಣ್ಣಾಗ್ಲಿ ಅಂತ ಎರಡು ವರ್ಷ ತಳ್ಳಿದ್ರು. ನಾನಾಗ ಮೆಡಿಕಲ್ ಓದ್ತಿದ್ದೆ, ನನಗೂ ಹೊಳೀಲಿಲ್ಲ. ಆಸ್ಪತ್ರೇಲಿ ನೋಡಿದ್ರೆ ಚಾರ್ಟಿನ ಕೊನೇ ಸಾಲೂ ಓದಿದ್ರು, ಸುತ್ತಲಿನ ನೋಟ ಮಾತ್ರ ಮುಕ್ಕಾಲು ಹೋಗಿತ್ತು, ಪೈಪಿನೊಳಗಿಂದ ನೋಡ್ದಂಗೆ.

ಅಷ್ಟು ಹೋಗೋವರೆಗೂ ಅವರಿಗೆ ಗೊತ್ತಾಗ್ಲಿಲ್ವಾ ಅಂತೀರಾ? ಈಗ ಎಲ್ಲರೂ ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ ಜೋಡಿಸಿ. ಎಡಗಣ್ಣು ಮುಚ್ಕೊಳ್ಳಿ. ಬಲಗಣ್ಣಲ್ಲಿ ಎಡ ಹೆಬ್ಬೆರಳನ್ನೇ ನೋಡ್ತಾ ಇರಿ, ಕಣ್ಣು ಅಲ್ಲಾಡಿಸ್ಬೇಡಿ. ಬಲಗೈಯನ್ನ ಮೆಲ್ಲಗೆ ಬಲಕ್ಕೆ ಸರಿಸಿ. ಮುಕ್ಕಾಲು ಗೇಣು ಹೋಗ್ತಿದ್ದಂಗೆ ಬೆರಳ ತುದಿ ಮಾಯ ಆಯ್ತಾ? ಹಾ, ಆ ಮೂಲೇಲಿ ಯಾರೋ ನಗ್ತಿದಾರೆ, ಅವರಿಗೆ ಆಯ್ತು. ಆ ಜಾಗದಲ್ಲಿ ನಮಗೆಲ್ಲಾ ಹುಟ್ಟಿದಾಗ್ಲಿಂದ ಕಾಣಲ್ಲ, ಯಾಕಂದ್ರೆ ಕಣ್ಣಿನ ನರ ಹೊರಗೆ ಹೋಗೋದು ಅಲ್ಲಿಂದ. ಆದ್ರೆ ಯಾರಿಗಾದ್ರೂ ಕಪ್ಪು ತೂತು ಕಂಡಿದ್ಯಾ? ಇಲ್ಲ, ಮಿದುಳು ಸುತ್ತಲಿನ ಗೋಡೆ ಬಣ್ಣನೇ ತುಂಬಿ ಮುಚ್ಚಿಬಿಡುತ್ತೆ. ಗ್ಲೂಕೋಮಾದಲ್ಲಿ ಆ ನರದ ಸುಮಾರು 10 ಲಕ್ಷ ಎಳೆಗಳು ಒಂದೊಂದೇ ಸಾಯ್ತಾ ಹೋಗುತ್ತೆ, ಮಿದುಳು ತೇಪೆ ಹಾಕ್ತಾ ಹೋಗುತ್ತೆ, ನೋವಿಲ್ಲ, ಕೆಂಪಿಲ್ಲ. ಸತ್ತ ಎಳೆ ವಾಪಸ್ ಬರಲ್ಲ, ಡ್ರಾಪ್ಸ್ ಹಾಕಿ ಕಣ್ಣೊಳಗಿನ ಒತ್ತಡ ಇಳಿಸಿ ಉಳಿದಿದ್ದನ್ನ ಕಾಪಾಡ್ಬಹುದು ಅಷ್ಟೆ. ಮತ್ತೆ ಇದು ಮನೆತನದಲ್ಲಿ ಬರೋದುಂಟು, ದೊಡ್ಡಪ್ಪಂದು ಗೊತ್ತಾದ್ಮೇಲೆ ನಮ್ಮಪ್ಪನ್ನ ಎಳ್ಕೊಂಡು ಹೋಗಿ ತೋರ್ಸಿದ್ವಿ, ಅವರಿಗೂ ಶುರುವಾಗಿತ್ತು. ಬೇಗ ಸಿಕ್ತು, ಇವತ್ತಿಗೂ ಸ್ಕೂಟರ್ ಓಡಿಸ್ತಾರೆ.

ಅಂದಹಾಗೆ ಕಣ್ಣು ಕೆರೆತ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತರೋ ಡ್ರಾಪ್ಸಲ್ಲಿ ಸ್ಟಿರಾಯ್ಡ್ ಇದ್ರೆ, ತಿಂಗಳುಗಟ್ಟಲೆ ಹಾಕಿದ್ರೆ ಇದೇ ಒತ್ತಡ ಏರುತ್ತೆ.

ಶುಗರ್ ಇರೋರದ್ದು ಬೇರೆ ಕಥೆ. ಅಕ್ಷಿಪಟಲ ಅಂದ್ರೆ ಕಣ್ಣಿನ ಹಿಂಬದಿಯ ಪರದೆ, ಅದರ ಸಣ್ಣ ರಕ್ತನಾಳ ಸೋರುತ್ತೆ, ಸೋರಿಕೆ ನಟ್ಟನಡುವೆ ಬರೋವರೆಗೂ ಚೆನ್ನಾಗೇ ಕಾಣುತ್ತೆ, ಆಮೇಲೆ ಒಂದು ಬೆಳಿಗ್ಗೆ ರಕ್ತ ಒಡೆದು ಕಣ್ಮುಂದೆ ಜೇಡರ ಬಲೆ. ಕಾಣ್ತಿದ್ರೂ ವರ್ಷಕ್ಕೊಂದ್ಸಲ ತೋರಿಸಿ ಅನ್ನೋದು ಅದಕ್ಕೇ.

ಕಿಟಕಿ ಸರಳು ಡೊಂಕಾಗಿ ಕಾಣ್ಸೋದು, ಎದುರಿಗಿರೋರ ಮುಖದ ನಡುವೆ ಮಸಿ ಬಳಿದಂಗೆ ಆಗೋದು, ಇದು ಅಕ್ಷಿಪಟಲದ ನಡುಭಾಗ ಸವೆದಾಗ. ನಾಳೆ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಬಚ್ಚಲ ಟೈಲ್ಸ್ ಗೆರೆ ನೋಡಿ. ಎರಡೂ ಕಣ್ಣು ಬಿಟ್ಟು ನೋಡಿದ್ರೆ ಒಳ್ಳೇ ಕಣ್ಣು ಕೆಟ್ಟದ್ರ ಗುಟ್ಟು ಮುಚ್ಚಿಡುತ್ತೆ.

ಸರಿ, ಆ ಪಕ್ಕದ ರೂಮಲ್ಲಿ ನಮ್ಮ ಹುಡುಗರು ಚಾರ್ಟು, ಒತ್ತಡ ನೋಡೋ ಮಿಷನ್ನು ಎಲ್ಲಾ ಜೋಡಿಸಿದಾರೆ, ಊಟ ಮಾಡ್ಕೊಂಡು ಬನ್ನಿ. ಕೆಲವರಿಗೆ ಪಾಪೆ ಅಗಲ ಆಗೋ ಡ್ರಾಪ್ಸ್ ಹಾಕ್ತಾರೆ, ಮೂರ್ನಾಲ್ಕು ಗಂಟೆ ಹತ್ತಿರದ್ದು ಮಂಜು ಮಂಜು. ಗಾಡೀಲಿ ಬಂದಿರೋರು ಕೀಯನ್ನ ಈಗ್ಲೇ ಬೇರೆಯವರ ಕೈಗೆ ಕೊಟ್ಬಿಡಿ.