ಮಗುವನ್ನು ಗುರುತು ಹಿಡಿಯುವ ಹೋಟೆಲು

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ 19 ಕೇರಳದಲ್ಲಿ ವಾಚನಾ ದಿನ. ಗ್ರಂಥಾಲಯ ಚಳವಳಿಯನ್ನು ಕಟ್ಟಿ ಬೆಳೆಸಿದ ಪಿ. ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19ರಂದು. ಮರುವರ್ಷದಿಂದ ಆ ದಿನವನ್ನು ಓದಿಗೆಂದೇ ಮೀಸಲಿಟ್ಟಿದ್ದಾರೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಆ ವಾರವಿಡೀ ಪುಸ್ತಕದ್ದೇ ಮಾತು. ಪ್ರತಿಜ್ಞೆ, ಪೋಸ್ಟರು, ಕ್ವಿಜ್ಜು ಎಲ್ಲ ಇರುತ್ತದೆ. ಆದರೆ ಮಕ್ಕಳಿಗೆ ಬೇಕಾದ್ದು ಒಂದು ಒಳ್ಳೆಯ ಕಥೆ, ಅಲ್ವಾ? ಅದಕ್ಕೇ ಈ ಸಲ ಬದಿಯಡ್ಕ ಕಡೆಯ ನಮ್ಮ ಗ್ರಂಥಾಲಯದ ಮಕ್ಕಳ ಕೂಟವಾದ ಬಾಲವೇದಿಯಲ್ಲಿ ಒಂದು ಕಾದಂಬರಿ ಹೇಳಲು ಶುರು ಮಾಡಿದೆ. ರಾತ್ರಿ ಇಂಗ್ಲಿಷಿನಲ್ಲಿ ಓದಿಕೊಳ್ಳುವುದು, ಶನಿವಾರ ಮಕ್ಕಳಿಗೆ ಕನ್ನಡದಲ್ಲಿ ಹೇಳುವುದು. ಇವತ್ತು ನಿಮ್ಮ ಜೊತೆ ಅದೇ ಕಥೆಯ ಬಗ್ಗೆ ಮಾತಾಡುತ್ತೇನೆ.

ಕಾದಂಬರಿಯ ಹೆಸರು 'ನೆವರ್‌ಮೂರ್'. ಬರೆದವರು ಆಸ್ಟ್ರೇಲಿಯಾದ ಜೆಸಿಕಾ ಟೌನ್‌ಸೆಂಡ್. 2017ರಲ್ಲಿ ಬಂದ ಅವರ ಮೊದಲ ಕಾದಂಬರಿ ಇದು. ಕಥೆಯ ನಡುಮನೆ ಅಂದರೆ ಡ್ಯುಕೇಲಿಯನ್ ಎಂಬ ಒಂದು ವಿಚಿತ್ರ ಹೋಟೆಲು. ಜನ ಬಂದು ತಂಗುವ, ಹತ್ತಾರು ಮಹಡಿಯ ದೊಡ್ಡ ಹೋಟೆಲು.

ಹೋಟೆಲಿಗೆ ಹೋಗುವ ಮೊದಲು ಅಲ್ಲಿಗೆ ಬರುವ ಹುಡುಗಿಯನ್ನು ನೋಡಬೇಕು. ಹೆಸರು ಮಾರಿಗನ್ ಕ್ರೋ. ಶ್ರೀಮಂತರ ಮನೆಯ ಮಗಳು. ಆದರೆ ಹುಟ್ಟಿದ ಗಳಿಗೆ ಸರಿಯಿಲ್ಲವಂತೆ. ಅಡುಗೆಮನೆಯ ಬೆಕ್ಕು ಸತ್ತರೆ ಅವಳೇ ಕಾರಣ. ಊರಿನ ಹೆಂಗಸರು ಮಾಡಿದ ಮಾರ್ಮಲೇಡ್, ಅಂದರೆ ಕಿತ್ತಳೆಯ ಜಾಮು, ಕೆಟ್ಟುಹೋದರೆ ಅದಕ್ಕೂ ಅವಳೇ ಕಾರಣ. ಯಾರಿಗೆ ಏನೇ ಆಗಲಿ, ಅವಳು ಕೂತು ಕ್ಷಮೆ ಕೇಳಿ ಪತ್ರ ಬರೆಯಬೇಕು. ನಾನು ಹೇಳುವಾಗ ಮಾರ್ಮಲೇಡನ್ನು ಮಿಡಿ ಉಪ್ಪಿನಕಾಯಿ ಮಾಡಿಬಿಟ್ಟೆ. ಭರಣಿಯಲ್ಲಿ ಬೂಷ್ಟು ಬಂದರೆ ಯಾರ ತಲೆ ಮೇಲೆ ಗೂಬೆ ಕೂರಿಸುತ್ತಾರೆ ಅಂತ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆರನೇ ಕ್ಲಾಸಿನ ಒಬ್ಬಳು ಪಕ್ಕದವಳ ಕಿವಿಯಲ್ಲಿ, "ನಮ್ಮಲ್ಲಿ ಅಜ್ಜಿ ನಂಗೂ ಹಾಗೇ ಹೇಳುದು" ಅಂದಳು. ಮೆಲ್ಲಗೆ ಅಂದದ್ದು, ಆದರೂ ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ.

ಕಾಲ್ಗುಣ ಸರಿಯಿಲ್ಲ ಅನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹೇಳುವವರಿಗೆ ಅದು ಬಾಯಿಗೆ ಬಂದ ಮಾತು. ಕೇಳುವ ಮಗುವಿಗೆ ಹಾಗಲ್ಲ. ಅದು ಆ ಮಾತನ್ನು ನಂಬಿ ಹೊತ್ತುಕೊಂಡು ತಿರುಗುತ್ತದೆ. ಈ ಕಾದಂಬರಿ ನನಗೆ ಇಷ್ಟವಾಗಲು ಮೊದಲ ಕಾರಣವೇ ಇದು. ತಮಾಷೆ, ಚಮತ್ಕಾರ ಎಲ್ಲ ಆಮೇಲೆ ಬರುತ್ತದೆ. ಮೊದಲು ಬರುವುದು, ತನ್ನಿಂದಲೇ ಎಲ್ಲ ಕೆಡುತ್ತದೆ ಅಂತ ನಂಬಿದ ಒಂದು ಮಗು.

ಅಂಥ ಶಾಪದ ಮಕ್ಕಳು ಒಂದು ಗೊತ್ತಾದ ರಾತ್ರಿ ಸಾಯಬೇಕು. ಸರಿಯಾಗಿ ಆ ರಾತ್ರಿಯೇ ಕೆಂಪು ಗಡ್ಡದ, ಬಣ್ಣದ ಮಾತಿನ ಜುಪಿಟರ್ ನಾರ್ತ್ ಬಂದು, ಜೇಡದ ಹಾಗೆ ಕಾಲುಗಳಿರುವ ಒಂದು ಯಂತ್ರದಲ್ಲಿ ಅವಳನ್ನು ಕೂರಿಸಿಕೊಂಡು ಓಡುತ್ತಾನೆ. ಹಿಂದಿನಿಂದ ಹೊಗೆಯ ಬೇಟೆನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಈ ಭಾಗ ಹೇಳುವಾಗ ಹೊರಗೆ ಒಳ್ಳೆ ಮಳೆ. ಕರೆಂಟೂ ಹೋಯಿತು. ನನಗೆ ಬೇರೆ ಏನೂ ಮಾಡಬೇಕಾಗಿ ಬರಲಿಲ್ಲ.

ಇನ್ನು ಹೋಟೆಲು. ಅಲ್ಲಿ ಮನೆವಾರ್ತೆಯ ಮೇಲ್ವಿಚಾರಣೆ ಒಂದು ಬೆಕ್ಕಿನದು. ಹುಡುಗಿಗಿಂತ ಎಷ್ಟೋ ದೊಡ್ಡ ಬೆಕ್ಕು. ಮಾತಾಡುತ್ತದೆ, ಅದೂ ಸ್ವಲ್ಪ ಖಾರವಾಗಿಯೇ. "ಟೀಚರೇ, ಅದು ಮೀನು ತಿಂತದಾ?" ಅನ್ನುವುದು ನಮ್ಮವರ ಮೊದಲ ಪ್ರಶ್ನೆ. ಹೊಗೆ ಬರುವ ಒಂದು ಕೋಣೆ ಇದೆ, ಗೋಡೆಯೊಳಗಿಂದ ಬಣ್ಣಬಣ್ಣದ, ಪರಿಮಳದ ಹೊಗೆ ಬಂದು ಕೂತವರ ಮನಸ್ಸನ್ನು ಹದ ಮಾಡುತ್ತದೆ. ಮುಂದಿನ ಹಜಾರದಲ್ಲಿ ಹಡಗಿನ ಆಕಾರದ ದೊಡ್ಡ ತೂಗುದೀಪ ಇತ್ತು. ಅದು ಬಿದ್ದು ಚೂರಾಗುತ್ತದೆ. ಆದರೆ ಹೊಸದನ್ನು ಯಾರೂ ತರುವುದಿಲ್ಲ. ಅದೇ ಜಾಗದಲ್ಲಿ ಇನ್ನೊಂದು ತಾನಾಗಿಯೇ ನಿಧಾನಕ್ಕೆ ಬೆಳೆಯುತ್ತದೆ. ಯಾವ ಆಕಾರದಲ್ಲಿ ಬೆಳೆಯುತ್ತದೆ ಅಂತ ಹೋಟೆಲಿನವರೆಲ್ಲ ಕಾಯುತ್ತಾ ಇರುತ್ತಾರೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಮಾರಿಗನ್ನಳ ಕೋಣೆ. ಮೊದಲ ದಿನ ಅದು ಸಾಮಾನ್ಯ ಕೋಣೆ. ದಿನ ಕಳೆದ ಹಾಗೆ ಬದಲಾಗುತ್ತಾ ಹೋಗುತ್ತದೆ. ಕಿಟಕಿ ಬೇರೆಯಾಗುತ್ತದೆ, ಮಂಚ ಬೇರೆಯಾಗುತ್ತದೆ. ಒಂದು ದಿನ ನೋಡಿದರೆ ಎಂಟು ಕಾಲಿನ ಆಕ್ಟೋಪಸ್ಸಿನ ಹಾಗಿರುವ ಒಂದು ಕುರ್ಚಿ ಬಂದು ಕೂತಿದೆ! ಇವಳು ಏನನ್ನೂ ಕೇಳಿದ್ದಲ್ಲ. ಕೋಣೆಯೇ ಅವಳನ್ನು ಗಮನಿಸುತ್ತಿದೆ. ಇವಳಿಗೆ ಏನು ಹಿಡಿಸುತ್ತದೆ, ಯಾವುದಕ್ಕೆ ಹೆದರುತ್ತಾಳೆ, ಯಾವ ರಾತ್ರಿ ನಿದ್ದೆ ಬರುವುದಿಲ್ಲ ಎಲ್ಲ ಅದಕ್ಕೆ ಗೊತ್ತಾಗುತ್ತಾ ಬರುತ್ತದೆ. ಹುಟ್ಟಿದ ಮನೆಯಲ್ಲಿ ಅವಳ ಮುಖ ನೋಡಿ ಮಾತಾಡಿದವರಿಲ್ಲ. ಇಲ್ಲಿ ನಾಲ್ಕು ಗೋಡೆ ಅವಳನ್ನು ಗುರುತು ಹಿಡಿಯುತ್ತದೆ. ಲೇಖಕಿ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಬರೀ ಕುರ್ಚಿ, ಮಂಚ, ಕಿಟಕಿಯ ಸುದ್ದಿ ಹೇಳುತ್ತಾರೆ. ಮಕ್ಕಳಿಗೆ ಅಷ್ಟು ಸಾಕು. ವಿವರಣೆ ಕೊಟ್ಟರೆ ಅವರಿಗೇ ಬೇಜಾರು.

ಹೋಟೆಲು ಇಂಥ ಕಥೆಗೆ ಯಾಕೆ ಇಷ್ಟು ಚೆನ್ನಾಗಿ ಒಗ್ಗುತ್ತದೆ? ನಮ್ಮ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ, ನೆನಪು ಮಾಡಿಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಪಕ್ಕದಲ್ಲಿ, ಚೌಕಿಯೊಳಗೆ ಇಣುಕದ ಮಕ್ಕಳು ಈ ಕಡೆ ಕಡಿಮೆ. ಅರ್ಧ ಮುಖಕ್ಕೆ ಬಣ್ಣ ಬಳಿದ ರಾವಣ ಚಾ ಕುಡಿಯುತ್ತಾ ಇರುತ್ತಾನೆ. ಸೀತೆ ಬೀಡಿ ಹಚ್ಚುತ್ತಾಳೆ. ಎಲ್ಲರಿಗೂ ಅವರವರ ಕೆಲಸ, ಅವರವರ ಅವಸರ. ಮೂಲೆಯಲ್ಲಿ ನಿಂತ ಮಗುವನ್ನು ಯಾರೂ ಓಡಿಸುವುದಿಲ್ಲ. ಹೋಟೆಲಿನಲ್ಲೂ ಹಾಗೇ. ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬ ಅಪರಿಚಿತ. ದೊಡ್ಡವರು ತುಂಬಾ ಇರುತ್ತಾರೆ, ಆದರೆ ಯಾರೂ ಅಪ್ಪ ಅಮ್ಮ ಅಲ್ಲ. ಬೇಡ ಅನ್ನುವವರು ಕಡಿಮೆ. ಹಸಿವಾದರೆ ಊಟ ಇದೆ, ಮಲಗಲು ಹಾಸಿಗೆ ಇದೆ. ಕಾಡಿಗೆ ಹೋದ ಮಗುವಿಗೆ ಮೊದಲು ಬದುಕಿಕೊಳ್ಳುವ ಚಿಂತೆ. ಹೋಟೆಲಿಗೆ ಬಂದ ಮಗು ನೇರವಾಗಿ ಕುತೂಹಲದ ಬೆನ್ನು ಹತ್ತಬಹುದು.

ಮಾರಿಗನ್ ಎದುರಿಗೆ ನಾಲ್ಕು ಪರೀಕ್ಷೆಗಳಿವೆ. ಪಾಸಾದ ಒಂಬತ್ತು ಮಕ್ಕಳಿಗೆ ಮಾತ್ರ ಒಂದು ದೊಡ್ಡ ಸಂಘದಲ್ಲಿ ಜಾಗ. ಕೊನೆಯ ಪರೀಕ್ಷೆಯಲ್ಲಿ ಎಲ್ಲರ ಮುಂದೆ ತಮ್ಮ ವಿಶೇಷ ವಿದ್ಯೆ ತೋರಿಸಬೇಕು. ಇವಳಿಗೋ, ತನಗೆ ಯಾವ ವಿದ್ಯೆಯೂ ಬರುವುದಿಲ್ಲ ಅಂತ ಪುಸ್ತಕದ ಉದ್ದಕ್ಕೂ ಆತಂಕ. ಶಾಲಾ ಕಲೋತ್ಸವ ಕಂಡ ಮಕ್ಕಳಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆದಿತ್ತು. ಬಹುಮಾನ, ಗ್ರೇಡು, ಅಪ್ಪೀಲು ಇವೆಲ್ಲದರ ನಡುವೆ, ಏನೂ ಬಾರದ ಮಗು ತರಗತಿಯಲ್ಲಿ ಸುಮ್ನೆ ಕೂತಿರುತ್ತದಲ್ಲ, ಈ ಪುಸ್ತಕ ಆ ಮಗುವಿನ ಕಡೆಗಿದೆ. ಮಾರಿಗನ್ನಳ ವಿದ್ಯೆ ಯಾವುದು ಅಂತ ನಾನು ಇಲ್ಲಿ ಹೇಳುವುದಿಲ್ಲ. ಬಾಲವೇದಿಯ ಮಕ್ಕಳು ರೇಡಿಯೋ ಕೇಳುತ್ತಿರಬಹುದು!

ಎಲ್ಲವೂ ಒಂದೇ ಹದದಲ್ಲಿ ಬಂದಿದೆ ಅಂತ ಹೇಳಲಾರೆ. ನಡುವೆ ಊರಿನ ವರ್ಣನೆ, ಹಬ್ಬಗಳ ವರ್ಣನೆ ಸ್ವಲ್ಪ ಜಾಸ್ತಿಯಾಯಿತು. ಹೆಸರುಗಳೂ ರಾಶಿ ರಾಶಿ. ಬಾಯಲ್ಲಿ ಹೇಳುವಾಗ ನಾನು ಅರ್ಧಕ್ಕರ್ಧ ಬಿಟ್ಟಿದ್ದೇನೆ.

ಕೊಡೆಯ ಭಾಗವನ್ನು ಮಾತ್ರ ಬಿಡಲಿಲ್ಲ. ಹೊಸ ಯುಗದ ಮೊದಲ ದಿನ ಬೆಳಗಿನ ಜಾವ ಹೋಟೆಲಿನ ಮಾಡಿನ ಮೇಲೆ ಎಲ್ಲರೂ ಕೊಡೆ ಹಿಡಿದು ನಿಲ್ಲುತ್ತಾರೆ. ಒಬ್ಬೊಬ್ಬರೇ ಕೆಳಗೆ ಹಾರುತ್ತಾರೆ. ಮಾರಿಗನ್ ಕೂಡ ಹಾರುತ್ತಾಳೆ. ನನ್ನಿಂದ ಕೆಟ್ಟದ್ದೇ ಆಗುವುದು ಅಂದುಕೊಂಡಿದ್ದ ಹುಡುಗಿ ಗಾಳಿಯಲ್ಲಿ ತೇಲಿ ಇಳಿಯುತ್ತಾಳೆ. ಅದನ್ನು ಹೇಳಿ ಮುಗಿಸಿದ ದಿನ ಗ್ರಂಥಾಲಯದ ಜಗಲಿಯಿಂದ ಅಂಗಳಕ್ಕೆ ಕೊಡೆ ಹಿಡಿದು ಹಾರುವ ಆಟ ಶುರುವಾಯಿತು. ಜಗಲಿ ಎರಡೇ ಮೆಟ್ಟಿಲು ಎತ್ತರ, ಹೆದರಬೇಡಿ. ಒಂದು ಕೊಡೆಯ ಕಡ್ಡಿ ಮುರಿಯಿತು, ಅಷ್ಟೇ.

ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಇಂಥ ಹೋಟೆಲು ನಮ್ಮ ಜಿಲ್ಲೆಯಲ್ಲಿ ಇದ್ದರೆ ಎಲ್ಲಿರಬೇಕು? ಬೇಕಲ ಕೋಟೆಯ ಒಳಗೆ ಅಂತ ಹೆಚ್ಚಿನವರು ಅಂದರು. ಮಳೆಗಾಲದಲ್ಲಿ ಕಡಲಿನ ಸದ್ದಿಗೆ ಕೋಣೆಗಳು ಜಾಗ ಬದಲಿಸುತ್ತವಂತೆ. ಒಬ್ಬ ಹುಡುಗ ಅನಂತಪುರದ ಕೆರೆಯ ಮೊಸಳೆಯನ್ನು ರಿಸೆಪ್ಷನ್ನಿನಲ್ಲಿ ಕೂರಿಸಿದ. ದೇವಸ್ಥಾನದ ನೈವೇದ್ಯ ತಿಂದುಕೊಂಡು ಎಲ್ಲರ ಪ್ರೀತಿ ಗಳಿಸಿದ್ದ ಆ ಮೊಸಳೆ ಬಬಿಯಾ ತೀರಿಹೋದದ್ದು 2022ರ ಅಕ್ಟೋಬರಿನಲ್ಲಿ. "ಅದು ಸತ್ತದ್ದಲ್ಲ ಟೀಚರೇ, ಕೆಲಸ ಸಿಕ್ಕಿ ಹೋದದ್ದು" ಅಂದ. ಇನ್ನೊಬ್ಬಳ ಹೋಟೆಲಿನಲ್ಲಿ ಒಂದೊಂದು ಮಹಡಿಗೆ ಒಂದೊಂದು ಭಾಷೆ. ಒಂದನೆಯದು ತುಳು, ಎರಡನೆಯದು ಮಲಯಾಳ, ಆಮೇಲೆ ಕೊಂಕಣಿ, ಬ್ಯಾರಿ, ಮರಾಠಿ. ಕನ್ನಡ ಎಲ್ಲಿ ಅಂತ ಕೇಳಿದೆ. "ಲಿಫ್ಟಿನಲ್ಲಿ" ಅಂದಳು. ಅವಳ ಮನೆಮಾತು ಮರಾಠಿ, ಶಾಲೆ ಕನ್ನಡ, ಅಂಗಡಿಯಲ್ಲಿ ಮಲಯಾಳ. ಮಹಡಿಯಿಂದ ಮಹಡಿಗೆ ಹತ್ತಿ ಇಳಿಯುವುದು ಅವಳಿಗೆ ದಿನನಿತ್ಯದ ಕೆಲಸ.

ಈ ಮಾತು ಕೇಳಿದಾಗಿನಿಂದ ನನಗೆ ಒಂದೇ ಆಸೆ. ಕನ್ನಡದಲ್ಲಿ ಬರೆಯುವವರು, ಅದರಲ್ಲೂ ಈ ಗಡಿಯಲ್ಲಿ ಕೂತು ಬರೆಯುವವರು, ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಇಂಥದೊಂದು ಉದ್ದನೆಯ ಸಾಹಸದ ಕಥೆ ಬರೆಯಬೇಕು. ಪುಟ್ಟ ಪದ್ಯ, ಪುಟ್ಟ ಕಥೆ ನಮ್ಮಲ್ಲಿ ಬೇಕಾದಷ್ಟಿವೆ. ಈ ವಯಸ್ಸಿನವರಿಗೆ ಬೇಕಾದ್ದು ವಾರಗಟ್ಟಲೆ ಒಳಗೇ ಇದ್ದುಬಿಡಬಹುದಾದ ಪುಸ್ತಕ. ಕಾಸರಗೋಡಿನ ರೈಲ್ವೆ ಸ್ಟೇಷನ್ ಹತ್ತಿರದ ಯಾವುದಾದರೂ ಹಳೆಯ ಲಾಡ್ಜಿನ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಪಾತ್ರಗಳು ಸೂಟ್‌ಕೇಸ್ ಹಿಡಿದುಕೊಂಡು ತಾವೇ ಬರುತ್ತವೆ.

ಅದು ಬರುವವರೆಗೆ ಮನೆಯಲ್ಲಿ ಬಾಯಲ್ಲಿ ಹೇಳಿ. ದಿನಕ್ಕೆ ಒಂದು ಅಧ್ಯಾಯ ಸಾಕು. ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಕಥೆ ನಿಲ್ಲಿಸಿ. ಹೊಗೆಯ ನಾಯಿಗಳ ಭಾಗವನ್ನು ಸಣ್ಣ ಮಕ್ಕಳಿಗೆ ಮಲಗುವ ಹೊತ್ತಿಗೆ ಬೇಡ, ಸಂಜೆ ಚಾ ಹೊತ್ತಿಗೆ ಹೇಳಿ. ನಮ್ಮ ಬಾಲವೇದಿಯಲ್ಲಿ ಕಥೆ ಈಗ ಮೂರನೆಯ ಪರೀಕ್ಷೆಗೆ ಬಂದು ನಿಂತಿದೆ. ಅದು ಹೆದರಿಕೆಯ ಪರೀಕ್ಷೆ. ಶನಿವಾರ ಮಧ್ಯಾಹ್ನ ಮುಂದುವರಿಸುತ್ತೇನೆ. ಹತ್ತಿರದವರು ಮಕ್ಕಳನ್ನು ಕಳಿಸಿಕೊಡಿ.

ನಮಸ್ಕಾರ.