ಮಳೆ ಎಷ್ಟು ಬಂತು? ಊರಿನ ಅಳತೆ, ಪೇಪರ್‌ನ ಅಳತೆ

ನಮಸ್ಕಾರ ಎಲ್ಲರಿಗೂ. ಜೂನ್‌ನಲ್ಲಿ ಊರಿಗೆ ಫೋನ್ ಮಾಡಿದರೆ, ಊಟ ಆಯ್ತಾ ಅಂತ ಕೇಳಿದ ಮೇಲೆ ನನ್ನ ಮುಂದಿನ ಮಾತು ಒಂದೇ, ಮಳೆ ಹೇಗಮ್ಮಾ? ಅಮ್ಮ ಹೇಳುತ್ತಾರೆ, "ಒಂದು ಹದ ಆಯ್ತು ಕಣಪ್ಪ." ಮಾರನೇ ದಿನ ಪೇಪರ್ ನೋಡಿದರೆ 22 ಮಿ.ಮೀ. ಅಂತ ಇರುತ್ತದೆ. ಎರಡೂ ಅಳತೆಯೇ. ಆದರೆ ಎರಡೂ ಹೇಳುವ ವಿಷಯ ಬೇರೆ.

ಮೊದಲು ಮಿಲಿಮೀಟರ್. ಬಿದ್ದ ಮಳೆ ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತೋ ಅಷ್ಟು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ ಸರಿಯಾಗಿ 1 ಲೀಟರ್ ನೀರು. 30×40 ಸೈಟಿನ ಅಷ್ಟೂ ಜಾಗದಲ್ಲಿ ತಾರಸಿ ಇದೆ ಅಂದುಕೊಳ್ಳಿ, 10 ಮಿ.ಮೀ. ಮಳೆಗೆ ಸುಮಾರು 1,100 ಲೀಟರ್ ಬೀಳುತ್ತದೆ. ಸಿಂಟೆಕ್ಸ್ ಟ್ಯಾಂಕ್ ತುಂಬಿ ಚೆಲ್ಲುವಷ್ಟು! ಇಷ್ಟು ನೀರನ್ನು ಚರಂಡಿಗೆ ಬಿಟ್ಟು ಆಮೇಲೆ ಟ್ಯಾಂಕರ್‌ಗೆ ಫೋನ್ ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

(ದೃಶ್ಯ: ತಾರಸಿ ಮೇಲೆ ಒಂದು ಡಬ್ಬ, ಪಕ್ಕದಲ್ಲಿ ಸ್ಕೇಲು)

ಇದನ್ನು ನೀವೇ ಅಳೆಯಬಹುದು. ಬಾಯಿ, ತಳ ಎರಡೂ ಒಂದೇ ಅಗಲ ಇರುವ ಡಬ್ಬ ಬೇಕು. ಬಕೆಟ್ ಬೇಡ, ಅದರ ಬಾಯಿ ಅಗಲ, ತಳ ಚಿಕ್ಕದು, ಮಳೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬೆಳಗ್ಗೆ 8.30ಕ್ಕೆ ಸ್ಕೇಲು ಅದ್ದಿ ನೋಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲೂ ದಿನ ಮುಗಿಯುವುದು ಆ ಹೊತ್ತಿಗೇ. ಇಲ್ಲಿ ನೋಡಿ, ನಿನ್ನೆ ರಾತ್ರಿದು 12.

ಈಗ ಅಮ್ಮನ ಅಳತೆ. ಅವರು ಹೊಲಕ್ಕೆ ಹೋಗಿ ಬೆರಳಲ್ಲಿ ಮಣ್ಣು ಕೆದಕುತ್ತಾರೆ. ಎಷ್ಟು ಆಳಕ್ಕೆ ಹಸಿ ಇಳಿದಿದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದಾ, ಕೈಗೆ ಅಂಟುತ್ತದಾ ಅಂತ ನೋಡಿ, ಬಿತ್ತಬಹುದು ಅನ್ನಿಸಿದರೆ ಅದು ಹದ. ಅದೇ 22 ಮಿ.ಮೀ. ಅರ್ಧ ಗಂಟೆಯಲ್ಲಿ ಧೋ ಅಂತ ಸುರಿದಿದ್ದರೆ ಮೇಲ್ಮಣ್ಣು ಕೊಚ್ಚಿಕೊಂಡು ಹಳ್ಳ ಸೇರುತ್ತದೆ, ಹದ ಆಗುವುದಿಲ್ಲ. ರಾತ್ರಿಯೆಲ್ಲ ಸೋನೆ ಹಿಡಿದಿದ್ದರೆ ಪೂರ್ತಿ ಒಳಗಿಳಿಯುತ್ತದೆ. ಪೇಪರ್‌ನಲ್ಲಿ ಎರಡಕ್ಕೂ ಒಂದೇ ಅಂಕಿ, ಅಲ್ವಾ? ತುಂತುರು, ಜಿಟಿಜಿಟಿ, ಸೋನೆ, ಜಡಿಮಳೆ ಅಂತ ನಮ್ಮಲ್ಲಿ ಇಷ್ಟೊಂದು ಹೆಸರು ಇರುವುದು ಸುಮ್ನೆ ಅಲ್ಲ, ಹೇಗೆ ಬಂತು ಅನ್ನುವುದು ಆ ಹೆಸರಿನಲ್ಲೇ ಇದೆ.

ಯಾವಾಗ ಬಂತು ಅನ್ನುವುದಕ್ಕೆ ನಕ್ಷತ್ರದ ಹೆಸರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಆ ದಿನಗಳಲ್ಲಿ ಬಂದ ಮಳೆಗೆ ಅದೇ ಹೆಸರು. ಮೇ 25ರ ಆಸುಪಾಸು ರೋಹಿಣಿ, ಜೂನ್ 22ರ ಹೊತ್ತಿಗೆ ಆರಿದ್ರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆಯೇ ಇದೆ.

ನನಗೆ ತುಂಬಾ ಇಷ್ಟವಾದ ಹೆಸರು ಹೂಮಳೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರ ಮಾತು. ಫೆಬ್ರವರಿ, ಮಾರ್ಚ್‌ನಲ್ಲಿ ಮೊಗ್ಗು ಒಣಗಿಕೊಂಡು ಕಾಯುತ್ತಿರುತ್ತದೆ. ಒಂದು ಇಂಚು ಮಳೆ ಬಿದ್ದರೆ ಎಂಟು, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಥರದ ಘಮ. ಮಳೆ ಕಡಿಮೆಯಾದರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಹೂ ಅರಳಿದ ದಿನವೇ ಮತ್ತೆ ಸುರಿದರೂ ಕಷ್ಟ. ಅದಕ್ಕೇ ಅಲ್ಲಿ ಎಷ್ಟೋ ಮನೆಗಳಲ್ಲಿ ಮಳೆ ಅಳೆಯುವ ಸಾಧನ ಇರುತ್ತದೆ, ಲೆಕ್ಕ ಇಂಚು, ಸೆಂಟ್‌ಗಳಲ್ಲಿ. 100 ಸೆಂಟ್‌ಗೆ ಒಂದು ಇಂಚು, ಅಂದರೆ 25 ಮಿ.ಮೀ. ಚಿಲ್ಲರೆ.

ಇನ್ನು ನವೆಂಬರ್‌ನಲ್ಲಿ ಚಂಡಮಾರುತದ ಮಳೆ ಹಿಡಿದುಕೊಂಡರೆ ಕೊಯ್ಯದ ರಾಗಿ ತೆನೆಯಲ್ಲೇ ಮೊಳಕೆ ಬಂದುಬಿಡುತ್ತದೆ. ಒಂದು ವರ್ಷ ನಮ್ಮ ಹೊಲದಲ್ಲೂ ಹಾಗಾಯಿತು. ಅಮ್ಮ ಒಂದು ತೆನೆ ಮುರಿದು ತಂದು ಜಗಲಿ ಮೇಲಿಟ್ಟರು, ಹಸಿರು ಮೀಸೆ ಬಂದ ಹಾಗಿತ್ತು. ಆ ಸಲ ಎಷ್ಟು ಬಂತು ಅಂತ ನಾನು ಕೇಳಲಿಲ್ಲ.

ಇವತ್ತು ಒಂದು ಡಬ್ಬ ಇಡಿ. ಬೆಳಗ್ಗೆ ನಿಮ್ಮ ಊರು, ಎಷ್ಟು ಮಿ.ಮೀ. ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಮನೆಯಲ್ಲಿ ಹಿರಿಯರು ಆ ಮಳೆಗೆ ಏನು ಹೆಸರು ಹೇಳಿದರು, ಅದನ್ನೂ.